ಸೀಟಿನಲ್ಲಿ ಕೂರುವವನು

ಆ ಬೆಳಿಗ್ಗೆ ಗ್ಯಾರೇಜಿನಲ್ಲಿ ನಾವು ಮೂವರಿದ್ದೆವು. ಬಾನೆಟ್ಟಿನೊಳಗೆ ತಲೆ ಹಾಕಿಕೊಂಡು ನಾನು. ಡ್ರೈವರ್ ಸೀಟಿನಲ್ಲಿ ಬರಿಗಾಲಲ್ಲಿ ಕೂತಿದ್ದವನು ಭದ್ರಾವತಿಯಿಂದ ದಿನಾ ಟ್ರೇನಿಗೆ ಬಂದು ಹೋಗುತ್ತಿದ್ದ ನನ್ನ ಪಾಲುದಾರ. ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಪೇಪರ್ ಹಿಡಿದು ಕೂತಿದ್ದವರು ಕಾರಿನ ಯಜಮಾನರು, ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಪಾಠ ಹೇಳುವ ಮೇಷ್ಟ್ರು. ಶಿವಮೊಗ್ಗದ ಬಿಸಿಲು ಆಗಲೇ ತಗಡಿನ ಮಾಡನ್ನು ಕಾಯಿಸುತ್ತಿತ್ತು. ಕಾರಿನ ಹಿಂಭಾಗದಲ್ಲಿ ಎಂ.ಪಿ.ಎಫ್.ಐ. ಎಂದು ಬೆಳ್ಳಿ ಬಣ್ಣದ ಅಕ್ಷರಗಳಿದ್ದವು. ಆಗ ತಾನೇ ಅಂಥ ಗಾಡಿಗಳು ನಮ್ಮ ಊರಿಗೆ ಬರತೊಡಗಿದ್ದವು. ಕಾರ್ಬುರೇಟರ್ ಇಲ್ಲ, ಪೆಟ್ರೋಲನ್ನು ಅಳೆದು ಚಿಮ್ಮಿಸುವುದು, ಕಿಡಿ ಯಾವಾಗ ಬೀಳಬೇಕೆಂದು ಹೇಳುವುದು, ಎಲ್ಲ ಒಂದು ಸಣ್ಣ ಡಬ್ಬಿಯೊಳಗಿನ ಕಂಪ್ಯೂಟರಿನ ಕೆಲಸ. ನಾವೆಲ್ಲ ಅದನ್ನು ಕಂಪ್ಯೂಟರ್ ಗಾಡಿ ಎಂದೇ ಕರೆಯುತ್ತಿದ್ದೆವು.

ಮೇಷ್ಟ್ರ ದೂರು ಏನೆಂದರೆ ಗಾಡಿ ಏರಿನಲ್ಲಿ ಎಳೆಯುತ್ತಿರಲಿಲ್ಲ, ಪೆಟ್ರೋಲನ್ನು ಮಾತ್ರ ಚೆನ್ನಾಗಿ ಕುಡಿಯುತ್ತಿತ್ತು. ನೋಡಿದರೆ, ಆಯಿಲ್ ಸೋರುತ್ತದೆಂದು ಬೇರೆ ಗ್ಯಾರೇಜಿನಲ್ಲಿ ಯಾರೋ ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಬಿಚ್ಚಿ, ಅಂದಾಜಿನ ಮೇಲೆ ವಾಪಸು ಕೂರಿಸಿದ್ದರು. ಟೈಮಿಂಗ್ ಕೆಟ್ಟಿತ್ತು.

ಟೈಮಿಂಗ್ ಎಂದರೆ ಇಷ್ಟೇ. ಸಿಲಿಂಡರಿನೊಳಗೆ ಗಾಳಿ, ಪೆಟ್ರೋಲು ಎರಡೂ ಒತ್ತಿಕೊಂಡು ಉಸಿರು ಬಿಗಿಹಿಡಿದ ಹೊತ್ತಿಗೆ ಸರಿಯಾಗಿ ಕಿಡಿ ಬೀಳಬೇಕು. ಬೇಗ ಬಿದ್ದರೆ ಏರಿನಲ್ಲಿ ಎಂಜಿನ್ನು ಟಿಣ್ ಟಿಣ್ ಎಂದು ಬಡಿದುಕೊಳ್ಳುತ್ತದೆ. ತಡವಾದರೆ ಸೋಮಾರಿಯಾಗಿ ಹೆಜ್ಜೆ ಎಳೆಯುತ್ತದೆ. ಡಿಸ್ಟ್ರಿಬ್ಯೂಟರಿನ ಬೋಲ್ಟು ಸಡಿಲಿಸಿ, ಅದನ್ನು ಕೂದಲೆಳೆಯಷ್ಟು ಈಚೆಗೋ ಆಚೆಗೋ ತಿರುಗಿಸಿ ಆ ಹೊತ್ತನ್ನು ಸರಿಮಾಡಬೇಕು.

ಹಳೆಯ ಗಾಡಿಗಳಲ್ಲಿ ಇದು ಇಬ್ಬರ ಕೆಲಸವಾಗಿತ್ತು. ನಮ್ಮಲ್ಲಂತೂ ಹಾಗೆಯೇ ನಡೆದು ಬಂದಿತ್ತು. ಡಿಸ್ಟ್ರಿಬ್ಯೂಟರಿನ ಮೇಲೆ ನನ್ನ ಕೈ, ಎಕ್ಸಲೇಟರಿನ ಮೇಲೆ ಅವನ ಕಾಲು. ನಾನು ತಿರುಗಿಸಿದ ಹಾಗೆ ಎಂಜಿನ್ನು ಏಳುತ್ತದೆ, ಬೀಳುತ್ತದೆ. ಬಿದ್ದಾಗ ಅವನು ಒಂದು ಚೂರು ಕೊಟ್ಟು ಎತ್ತಿ ಹಿಡಿಯುತ್ತಾನೆ.

"ಕೊಡು."

"ಕೊಟ್ಟೆ."

"ಬಿಡು ಬಿಡು ಬಿಡು..."

"ಬಿಟ್ಟೆ. ಅಲ್ಲೇ ನಿಲ್ಸು ತಂಬಿ, ಅಲ್ಲೇ! ಈಗ ಕೂತ್ಕೊಳ್ತು ನೋಡು."

ಅವನ ಮನೆಮಾತು ತಮಿಳು. ಅವರಪ್ಪ ಕಾರ್ಖಾನೆ ಕೆಲಸಕ್ಕೆಂದು ಭದ್ರಾವತಿಗೆ ಬಂದವರು. ಅವನು ನನ್ನನ್ನು ತಂಬಿ ಎನ್ನುತ್ತಿದ್ದ, ನಾನು ಅವನನ್ನು ಅಣ್ಣ ಎನ್ನುತ್ತಿದ್ದೆ. ಹುಟ್ಟಿನಿಂದ ಬಂದ ಅಣ್ಣಂದಿರು ನನಗೆ ಇರಲಿಲ್ಲ. ಮದುವೆಯೂ ಆಗಲಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳುತ್ತಿದ್ದವರೂ ಕ್ರಮೇಣ ಕೇಳುವುದನ್ನು ಬಿಟ್ಟರು. ಗ್ಯಾರೇಜಿನ ಹಿಂದಿದ್ದ ಕೋಣೆಯಲ್ಲೇ ನನ್ನ ಒಲೆ, ಚಾಪೆ, ರೇಡಿಯೋ. ಬೆಳಿಗ್ಗೆ ಭದ್ರಾವತಿಯ ಟ್ರೇನು ಕೂಗಿದ ಮೇಲೆಯೇ ನನಗೆ ದಿನ ಶುರುವಾಗುತ್ತಿದ್ದದ್ದು. ಕೂಗಿದ ಸ್ವಲ್ಪ ಹೊತ್ತಿಗೆ ಅವನು ಟಿಫಿನ್ ಕ್ಯಾರಿಯರ್ ತೂಗಾಡಿಸುತ್ತ ಬಂದು, "ಏನಯ್ಯಾ ಮುನಿ, ಎದ್ಯಾ? ತಪಸ್ಸು ಮುಗೀತಾ?" ಎನ್ನುತ್ತಿದ್ದ. ಅದರ ಮೇಲಿನ ಡಬ್ಬಿಯಲ್ಲಿ ನನ್ನ ಪಾಲಿನ ಪಲ್ಯ ಇರುತ್ತಿತ್ತು. ಅತ್ತಿಗೆ ಅದನ್ನು ಯಾವತ್ತೂ ಮರೆತವರಲ್ಲ.

ಸೀಟಿನಲ್ಲಿ ಕೂರುವ ಮುಂಚೆ ಅವನು ಚಪ್ಪಲಿಯನ್ನು ಕಾರಿನ ಬಾಗಿಲ ಹೊರಗೆ ಬಿಡುತ್ತಿದ್ದ. "ಏನ್ರೀ, ಗುಡಿಗೆ ಬಂದಂಗೆ ಬರ್ತೀರಿ?" ಎಂದು ಗಿರಾಕಿಗಳು ನಗುತ್ತಿದ್ದರು. "ಗುಡೀಲಿ ದೇವ್ರು ಮಾತಾಡಲ್ಲ, ಇದು ಮಾತಾಡುತ್ತೆ," ಎನ್ನುವುದು ಅವನ ಉತ್ತರ. ಅದು ತಮಾಷೆಯ ಮಾತೇ, ಆದರೆ ಬರಿಗಾಲನ್ನು ಪೆಡಲಿನ ಮೇಲೆ ಇಟ್ಟಾಗ ಅವನ ಮುಖ ನೋಡಬೇಕಿತ್ತು. ಯಾರೋ ದೂರದಿಂದ ಹೇಳುವುದನ್ನು ಕೇಳಿಸಿಕೊಳ್ಳುವವನ ಹಾಗೆ ಕಣ್ಣು ಅರ್ಧ ಮುಚ್ಚಿರುತ್ತಿತ್ತು.

ಕೆಲಸ ಮುಗಿದ ಮೇಲೆ ಟ್ರಯಲ್. ಅದಕ್ಕೆಂದೇ ಗಾಜನೂರಿನ ದಾರಿ ಹಿಡಿಯುತ್ತಿದ್ದೆವು. ಆ ದಾರಿಯಲ್ಲಿ ಒಂದು ಏರಿದೆ. ಮೂರನೇ ಗೇರಿನಲ್ಲಿ ಅದನ್ನು ಹತ್ತಿಸಿದರೆ ಟೈಮಿಂಗಿನ ಬಣ್ಣ ಬಯಲಾಗುತ್ತದೆ. ಬಡಿತವಿಲ್ಲದೆ ಹತ್ತಿದರೆ ಅಣೆಕಟ್ಟಿನ ಹತ್ತಿರ ಟೀ, ವಾಪಸು. ಒಮ್ಮೆ ಹುಮ್ಮಸ್ಸಿನಲ್ಲಿ ಸಕ್ರೆಬೈಲಿನವರೆಗೆ ಹೋಗಿಬಿಟ್ಟಿದ್ದೆವು. ಬಿಡಾರದ ಆನೆಯೊಂದು ಹೊಳೆಯಿಂದ ಮಿಂದು ಬಂದು ರಸ್ತೆಗೆ ಅಡ್ಡ ನಿಂತಿತು. ಮಾವುತ ಬೀಡಿ ಹಚ್ಚಿಕೊಂಡು ಇನ್ನಾರ ಜೊತೆಗೋ ಮಾತಿಗಿಳಿದಿದ್ದ. ಆನೆ ಸೊಂಡಿಲನ್ನು ಬಾನೆಟ್ಟಿನ ಮೇಲೆ ಒಂದು ಸುತ್ತು ಆಡಿಸಿ, ಬೇಸರವಾದಂತೆ ಮುಖ ತಿರುಗಿಸಿತು. ಅಣ್ಣ ಪಿಸುಮಾತಿನಲ್ಲಿ, "ನೋಡಿದ್ಯಾ ತಂಬಿ? ಎಂಜಿನ್ ಓಡ್ತಿದೆ ಅಂತ ಆನೆಗೂ ಗೊತ್ತಾಗ್ಲಿಲ್ಲ. ಇದಪ್ಪ ಐಡ್ಲಿಂಗು!" ಎಂದ. ಇದನ್ನು ಅವನು ಆಮೇಲೆ ಸಿಕ್ಕ ಸಿಕ್ಕವರಿಗೆಲ್ಲ ಹೇಳಿದ. ಹೇಳಿದ ಹಾಗೆಲ್ಲ ಆನೆ ದೊಡ್ಡದಾಗುತ್ತ ಹೋಯಿತು.

ಈಗ ಕಿವಿಯ ವಿಷಯ. ಅವನಿಗೆ ಕಿವಿ ಮಂದವಾಗುತ್ತ ಬಂದಿತ್ತು. ಅವರಪ್ಪನಿಗೂ ಆ ವಯಸ್ಸಿಗೆ ಹಾಗೇ ಆಗಿತ್ತಂತೆ. ಮೊದಮೊದಲು ನನಗೇ ತಿಳಿಯಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ, ಕೋಪ ಬಂದಿರಬೇಕು ಎಂದುಕೊಳ್ಳುತ್ತಿದ್ದೆ. ಒಂದು ದಿನ ಹಿಂದಿನಿಂದ ಬಂದ ಲಾರಿಯ ಹಾರ್ನಿಗೂ ಅವನು ಸರಿಯದೆ ನಿಂತಾಗ ಅರ್ಥವಾಯಿತು. ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ನಾನು ಅವನ ಮುಖದೆದುರು ನಿಂತು, ಸ್ವಲ್ಪ ಜೋರಾಗಿ ಮಾತಾಡತೊಡಗಿದೆ. ಗಿರಾಕಿಗಳು ಏನಾದರೂ ಕೇಳಿದರೆ ಅವನಿಗಿಂತ ಮುಂಚೆ ನಾನೇ ಉತ್ತರಿಸುತ್ತಿದ್ದೆ. ನಾನು ಬಾಯಿಬಡುಕ ಎಂಬ ಹೆಸರು ನನಗೆ ಬಂದದ್ದು ಆಗಲೇ.

ಆದರೆ ಪೆಡಲಿನ ಮೇಲೆ ಪಾದ ಇಟ್ಟನೆಂದರೆ ಅವನಿಗೆ ಎಂಜಿನ್ನು ಕೇಳಿಸುತ್ತಿತ್ತು. ಅಂಗಾಲಿನಿಂದ ಕೇಳುತ್ತಿದ್ದ. ಅದೊಂದು ಜಾಗದಲ್ಲಿ ಮಾತ್ರ ಅವನು ಹಿಂದಿನ ಹಾಗೇ ಇದ್ದ. ಅವನ ಮಗ ಬೇರೆ, "ಸಾಕಪ್ಪಾ, ಟ್ರೇನು ಹತ್ತಿ ಇಳಿಯೋದು, ಗೇಟು ದಾಟೋದು, ಕಿವಿ ಕೇಳಲ್ಲ ನಿಂಗೆ, ಮನೇಲಿರು," ಎಂದು ಒತ್ತಾಯ ಮಾಡುತ್ತಿದ್ದ. "ನಾನಿಲ್ದೆ ಅವ್ನು ಒಬ್ನೇ ಟೈಮಿಂಗ್ ಕಟ್ಟೋಕಾಗುತ್ತಾ?" ಎಂದು ಕೇಳಿ ಇವನು ಮಗನ ಬಾಯಿ ಮುಚ್ಚಿಸುತ್ತಿದ್ದನಂತೆ. ಅವನು ದಿನಾ ಟ್ರೇನು ಹತ್ತಲು ಇದ್ದ ನೆಪ ಆ ಒಂದು ಮಾತು. ನನ್ನ ಬೆಳಗು ನಿಂತದ್ದೂ ಅದರ ಮೇಲೆಯೇ.

ಮೇಷ್ಟ್ರ ಕಾರಿಗೆ ಬರುತ್ತೇನೆ. ಕಂಪ್ಯೂಟರ್ ಗಾಡಿಯ ಟೈಮಿಂಗನ್ನು ನಾನು ಹುಬ್ಬಳ್ಳಿಯ ಒಂದು ತರಬೇತಿಯಲ್ಲಿ ಕಲಿತಿದ್ದೆ. ಅದರ ದಾರಿಯೇ ಬೇರೆ. ಇಲ್ಲಿ ಕಿವಿಯನ್ನು ನಂಬುವ ಹಾಗಿಲ್ಲ. ಡಿಸ್ಟ್ರಿಬ್ಯೂಟರನ್ನು ಎತ್ತ ತಿರುಗಿಸಿದರೂ ಕಂಪ್ಯೂಟರು ಐಡ್ಲಿಂಗನ್ನು ತಾನೇ ಸಮ ಮಾಡಿಕೊಂಡು ಏನೂ ಆಗಿಲ್ಲವೆಂಬ ಹಾಗೆ ಇರುತ್ತದೆ. ಅದಕ್ಕೆ ಮೊದಲು ಎಂಜಿನ್ನು ಚೆನ್ನಾಗಿ ಕಾಯಬೇಕು. ಎ.ಸಿ., ದೀಪ, ಫ್ಯಾನು ಎಲ್ಲ ಆರಿಸಿರಬೇಕು. ಬ್ಯಾಟರಿಯ ಹತ್ತಿರ ಮುಚ್ಚಳವಿರುವ ಒಂದು ಪುಟ್ಟ ಸಾಕೆಟ್ ಇರುತ್ತದೆ; ಅದರ ಎರಡು ತೂತುಗಳನ್ನು ಒಂದು ತುಂಡು ವೈರಿನಿಂದ ಜೋಡಿಸಿದರೆ, 'ನೀನು ಸ್ವಲ್ಪ ಹೊತ್ತು ಸುಮ್ಮನಿರಪ್ಪಾ' ಎಂದು ಕಂಪ್ಯೂಟರಿಗೆ ಹೇಳಿದ ಹಾಗೆ. ಅದು ಕಿಡಿಯನ್ನು ಹಿಂದೆ ಮುಂದೆ ಆಡಿಸುವುದನ್ನು ಬಿಟ್ಟು ತೆಪ್ಪಗಾಗುತ್ತದೆ. ಆಗ ಟೈಮಿಂಗ್ ಲೈಟನ್ನು ಮುಂದಿನ ಪುಲ್ಲಿಯ ಮೇಲೆ ಹಿಡಿಯಬೇಕು. ಕಿಡಿ ಬಿದ್ದಾಗಲೆಲ್ಲ ಆ ಲೈಟು ಮಿಂಚುತ್ತದೆ. ಗಿರ್ರನೆ ತಿರುಗುತ್ತಿರುವ ಪುಲ್ಲಿ ಆ ಬೆಳಕಿನಲ್ಲಿ ನಿಂತೇಬಿಟ್ಟಂತೆ ಕಾಣುತ್ತದೆ, ಅದರ ಮೇಲಿನ ಸಣ್ಣ ಗೀರು ಕೂಡ. ಆ ಗೀರನ್ನು ಪಕ್ಕದ ಗುರುತಿಗೆ ತಂದು ನಿಲ್ಲಿಸಿ, ಬೋಲ್ಟು ಬಿಗಿದು, ವೈರು ಕಿತ್ತರೆ ಆಯಿತು.

ಆ ದಿನ ಗೀರು ನಿಲ್ಲಲೇ ಇಲ್ಲ. ಗುರುತಿನ ಹತ್ತಿರ ಬರುತ್ತಿತ್ತು, ಇನ್ನೇನು ಎನ್ನುವಷ್ಟರಲ್ಲಿ ಪಕ್ಕಕ್ಕೆ ಓಡುತ್ತಿತ್ತು. ವೈರು ಸರಿಯಾಗಿ ಕೂತಿಲ್ಲವೇನೋ ಎಂದು ತೆಗೆದು ಉಜ್ಜಿ ಹಾಕಿದೆ. ದೀಪ ನೋಡಿದೆ, ಫ್ಯಾನು ನೋಡಿದೆ. ಮೇಷ್ಟ್ರು ಪೇಪರಿನ ಮೇಲಿನಿಂದ ಇಣುಕಿ, "ಕ್ಲಾಸಿಗೆ ಹೊತ್ತಾಗುತ್ತೆ, ಬಸ್ಸಿಗೇ ಹೋಗ್ಲಾ?" ಎಂದರು. "ಆಯ್ತು ಸಾರ್, ಇನ್ನೊಂದು ಸ್ವಲ್ಪ," ಎಂದೆ.

ಒಳಗಿನಿಂದ ಅಣ್ಣ ಕೂಗಿದ. "ಏನ್ ತಂಬಿ, ಹುಬ್ಬಳ್ಳೀಲಿ ಊಟ ಮಾತ್ರ ಹಾಕಿದ್ರಾ, ಕೆಲ್ಸಾನೂ ಹೇಳ್ಕೊಟ್ರಾ?"

ನಾನು ನಗುತ್ತ ತಲೆಯೆತ್ತಿದೆ. ಬಾಗಿಲ ಹೊರಗೆ ಅವನ ಚಪ್ಪಲಿಗಳು ಜೊತೆಯಾಗಿ ಕೂತಿದ್ದವು. ತೆರೆದ ಬಾಗಿಲಿನಿಂದ ಅವನ ಮೊಣಕಾಲು ಕಂಡಿತು. ಅದು ಮೆಲ್ಲಗೆ, ತೀರ ಮೆಲ್ಲಗೆ ಆಡುತ್ತಿತ್ತು.

ಪೆಡಲು ಒತ್ತಿದರೆ ಕಂಪ್ಯೂಟರು ಸುಮ್ಮನಿರುವುದಿಲ್ಲ. ಗಾಡಿ ಹೊರಟಿತೆಂದುಕೊಂಡು ಕಿಡಿಯನ್ನು ಮತ್ತೆ ಮುಂದಕ್ಕೆ ತಳ್ಳುತ್ತದೆ. ಎಂಜಿನ್ನು ಒಂದಿಷ್ಟು ಕುಗ್ಗಿದೆಯೆಂದು ಅಂಗಾಲಿಗೆ ಅನ್ನಿಸಿದಾಗಲೆಲ್ಲ ಅವನು ಒಂದು ಚೂರು ಕೊಟ್ಟು ಎತ್ತುತ್ತಿದ್ದ, ಬಿಡುತ್ತಿದ್ದ. ನಾನು ಹೇಳಿರಲಿಲ್ಲ, ಅವನೂ ಬೇಕೆಂದು ಮಾಡುತ್ತಿರಲಿಲ್ಲ. ಎಷ್ಟೋ ವರ್ಷ ನನಗಾಗಿ ಎಂಜಿನ್ನನ್ನು ಬೀಳದ ಹಾಗೆ ಹಿಡಿದ ಕಾಲು ಅದು.

ಮೇಷ್ಟ್ರು ಗಡಿಯಾರ ನೋಡಿಕೊಂಡರು.

ಕಿಟಕಿಯ ಹತ್ತಿರ ಹೋಗಿ, "ಅಣ್ಣಾ, ಕಾಲು ತೆಗಿ," ಎಂದೆ.

"ಏನು?"

"ಕಾಲು. ಪೆಡಲ್ ಮೇಲಿಂದ ತೆಗಿ. ಒತ್ತಬಾರ್ದು ಇದಕ್ಕೆ."

"ಒತ್ತದೆ ಇದ್ರೆ ಆಫ್ ಆಗುತ್ತಲ್ಲೋ?"

"ಆಗಲ್ಲ. ಅದೇ ನೋಡ್ಕೊಳ್ಳುತ್ತೆ."

ಅವನು ಕಾಲು ತೆಗೆದು ಪಕ್ಕಕ್ಕಿಟ್ಟ. ನಾನು ಮುಂದಕ್ಕೆ ಬಂದು ಲೈಟು ಹಿಡಿದೆ. ಗೀರು ಬಂದು ನಿಂತಿತು, ಗೋಡೆಯ ಮೇಲೆ ಸುಣ್ಣದಲ್ಲಿ ಎಳೆದಷ್ಟು ಗಟ್ಟಿಯಾಗಿ. ಬೋಲ್ಟು ಬಿಗಿಯುವ ಮುಂಚೆ ಅವನನ್ನು ಕರೆದೆ. "ಬಾ ಅಣ್ಣ, ನೀನೇ ಹಿಡಿ ಲೈಟು. ತಮಾಷೆ ನೋಡು." ಅವನು ಚಪ್ಪಲಿ ಮೆಟ್ಟಿಕೊಂಡು ಬಂದು, ಲೈಟಿನ ಗುಂಡಿ ಒತ್ತಿ ಬಗ್ಗಿ ನೋಡಿದ.

"ಅರೆ, ನಿಂತುಬಿಡ್ತಲ್ಲೋ ಪುಲ್ಲಿ!"

"ನಿಂತಿಲ್ಲ, ತಿರುಗ್ತಾ ಇದೆ. ನಿಂತಂಗೆ ಕಾಣುತ್ತೆ."

"ತಿರುಗ್ತಿದ್ರೂ ನಿಂತಂಗೆ," ಎಂದು ಅವನು ಲೈಟನ್ನು ನನ್ನ ಕೈಗೆ ಕೊಟ್ಟ. "ಅಂದ್ರೆ ಸೀಟಲ್ಲಿ ಯಾರೂ ಬೇಡ ಇದಕ್ಕೆ."

"ಈ ಗಾಡಿಗಳಿಗೆ ಬೇಡ. ಬೇರೆ ಎಲ್ಲದಕ್ಕೂ ಬೇಕಲ್ಲ ಮಾರಾಯಾ. ಲೈಟು ನೀನು ಹಿಡಿ, ನಾನು ತಿರುಗಿಸ್ತೀನಿ."

"ಕಣ್ಣಿಗೆ ಹೊಡಿಯುತ್ತೆ ಕಣೋ ಅದು," ಎಂದ. ಆ ದಿನ ಟ್ರಯಲ್ಲಿಗೆ ಬರಲಿಲ್ಲ. ಕ್ಲಾಸಿಗೆ ತಡವಾದರೂ ಆಗಲಿ ಎಂದು ಮೇಷ್ಟ್ರೇ ನನ್ನ ಪಕ್ಕದಲ್ಲಿ ಕೂತರು. ಏರನ್ನು ಗಾಡಿ ಸಲೀಸಾಗಿ ಹತ್ತಿತು, ಅವರು ಸಂತೋಷಪಟ್ಟರು. ನಾವು ಟೀ ಕುಡಿಯಲಿಲ್ಲ.

ಆಮೇಲೆ ಅವನು ಬರುವುದು ಕಡಿಮೆಯಾಯಿತು. ಮಂಡಿನೋವು ಎಂದ, ಮೊಮ್ಮಗಳನ್ನು ಸ್ಕೂಲಿಗೆ ಬಿಡಬೇಕು ಎಂದ. ಹಳೆಯ ಗಾಡಿಗಳೂ ಅಪರೂಪವಾಗುತ್ತಿದ್ದವು; ಬಂದ ದಿನ ಅವನು ಇರುತ್ತಿರಲಿಲ್ಲ. ಕೊನೆಗೊಮ್ಮೆ ಬರುವುದೇ ನಿಂತಿತು. ಮಗನ ಮನೆಯ ಫೋನಿಗೆ ಮಾಡಿದರೆ ಅವನ ಕಿವಿಗೆ ಫೋನು ಆಗುತ್ತಿರಲಿಲ್ಲ. ಅತ್ತಿಗೆ ಎತ್ತಿಕೊಂಡು, "ಚೆನ್ನಾಗಿದಾರೆ ಕಣಪ್ಪ, ಹೊರಗೆ ಜಗ್ಲೀಲಿ ಕೂತಿದಾರೆ," ಎನ್ನುತ್ತಿದ್ದರು. ಜಗಲಿಯಲ್ಲಿ ಕೂತು ಏನು ಮಾಡುತ್ತಾನೆ ಎಂದು ಕೇಳಬೇಕೆನಿಸುತ್ತಿತ್ತು. ಕೇಳಿದರೆ ಅತ್ತಿಗೆ ಏನೆಂದು ಹೇಳಿಯಾರು?

ಒಂದು ಭಾನುವಾರ ನಾನೇ ಟ್ರೇನು ಹತ್ತಿ ಹೋದೆ. ಅವನು ಅಕ್ಕರೆಯಿಂದಲೇ ಮಾತಾಡಿಸಿದ, ಬಲವಂತ ಮಾಡಿ ಊಟಕ್ಕೆ ಕೂರಿಸಿದ. ಗ್ಯಾರೇಜಿನ ಮಾತು ತೆಗೆಯಲಿಲ್ಲ. ನಾನು, "ನಾಳೆ ಬಾರಣ್ಣ," ಎಂದರೆ, "ಬಂದು ಏನ್ ಮಾಡ್ಲಿ ತಂಬಿ? ನಿನ್ ಮುಖ ನೋಡ್ಲಾ?" ಎಂದು ನಕ್ಕ. ನೋಡು ಎಂದು ಹೇಳಬಹುದಿತ್ತು. ನಮ್ಮಂಥವರಿಗೆ ಅಂಥ ಮಾತು ಸುಲಭಕ್ಕೆ ಬಾಯಿಗೆ ಬರುವುದಿಲ್ಲ. ಗಾಡಿಯ ವಿಷಯವಾಗಿ ದಿನವಿಡೀ ಹರಟಿದವರು ನಾವು, ಗಾಡಿಯಿಲ್ಲದೆ ಮಾತಾಡುವುದು ಹೇಗೆಂದೇ ತಿಳಿಯುತ್ತಿರಲಿಲ್ಲ.

ಬೆಳಿಗ್ಗೆ ಟ್ರೇನು ಕೂಗುತ್ತಲೇ ಇತ್ತು. ಅದು ಕೂಗಿದ ಮೇಲೆ ಸ್ವಲ್ಪ ಹೊತ್ತು ಕಾದು ಶಟರು ಎತ್ತುವುದು ರೂಢಿಯಾಯಿತು. ಗಿರಾಕಿಗಳಿದ್ದರು, ಕೆಲಸವಿತ್ತು. ಮಾತಿಗೂ ಕಡಿಮೆಯಿರಲಿಲ್ಲ, ನಾನು ಬಾಯಿಬಡುಕನಲ್ಲವೇ. ಆದರೆ ವೈರು ಸಿಕ್ಕಿಸಿ ಲೈಟು ಹಿಡಿದು ಬಗ್ಗಿದಾಗ, ಬಾಯಿ ತಾನಾಗಿ "ಕೊಡು" ಎಂದುಬಿಡುತ್ತಿತ್ತು. ಕಾರಿನೊಳಗೆ ಯಾರೂ ಇರುತ್ತಿರಲಿಲ್ಲ. ಟ್ರಯಲ್ಲಿಗೆ ಒಬ್ಬನೇ ಗಾಜನೂರಿನ ದಾರಿಯಲ್ಲಿ ಹೋಗಿ, ಏರು ಹತ್ತಿಸಿ, ಅಲ್ಲೇ ತಿರುಗಿಸಿಕೊಂಡು ಬರುತ್ತಿದ್ದೆ. ಬಡಿತವಿಲ್ಲ ಎಂದು ಹೇಳುವುದಕ್ಕೂ ಪಕ್ಕದಲ್ಲಿ ಒಬ್ಬರು ಬೇಕು.

ಹೀಗಿರುವಾಗ ಅವನ ಮಗ ಒಂದು ಕಾರು ಕೊಂಡ. ಸೆಕೆಂಡ್ ಹ್ಯಾಂಡು, ಮೇಷ್ಟ್ರ ಕಾರಿನಂಥದೇ ಕಂಪ್ಯೂಟರ್ ಗಾಡಿ. ಒಂದು ಬೆಳಿಗ್ಗೆ ಅದನ್ನು ಗ್ಯಾರೇಜಿಗೆ ತಂದ. ಪಿಕಪ್ ಇಲ್ಲವಂತೆ. ಹಿಂದಿನ ಸೀಟಿನಲ್ಲಿ ಅಣ್ಣ ಕೂತಿದ್ದ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಯಾರದೋ ಮದುವೆಗೆ ಹೊರಟವನ ಹಾಗೆ.

"ಗಿರಾಕಿಯಾಗಿ ಬಂದಿದೀನಿ ಕಣಯ್ಯಾ," ಎಂದ. "ಮರ್ಯಾದೆ ಕೊಟ್ಟು ಮಾತಾಡ್ಸು."

ಸ್ಟೂಲು ಒರೆಸಿ ಕೊಟ್ಟೆ. ಕೂತ. ಗ್ಯಾರೇಜನ್ನೆಲ್ಲ ಕಣ್ಣಲ್ಲಿ ಒಂದು ಸುತ್ತು ನೋಡಿ, "ಕಸ ಗುಡಿಸೋರಿಲ್ಲ ಅಂತ ಕಾಣುತ್ತೆ," ಎಂದ. ಎಂಜಿನ್ನು ಕಾಯುವವರೆಗೆ ಮಗ ನನ್ನ ಜೊತೆ ನಿಂತಿದ್ದ; ಟೈಮಿಂಗ್ ನೋಡುವಾಗ ಪೆಡಲು ಒತ್ತಬಾರದೆಂದು ಅವನಿಗೆ ಹೇಳಿದೆ. ವೈರು ಸಿಕ್ಕಿಸಿದೆ, ಬೋಲ್ಟು ಸಡಿಲಿಸಿದೆ, ಲೈಟು ಹಿಡಿದೆ. ಗೀರು ಬಂದು ನಿಂತಿತು. ಸ್ವಲ್ಪ ಹಿಂದೆ ಬಿದ್ದಿತ್ತು. ಇನ್ನೇನು ತಿರುಗಿಸಬೇಕು, ಗೀರು ಪಕ್ಕಕ್ಕೆ ಓಡಿತು.

ತಲೆಯೆತ್ತಿದೆ. ಸ್ಟೂಲು ಖಾಲಿಯಿತ್ತು. ಕಾರಿನ ಬಾಗಿಲ ಹೊರಗೆ ಚಪ್ಪಲಿಗಳು ಜೊತೆಯಾಗಿ ಕೂತಿದ್ದವು.

ಮಗ, "ಅಪ್ಪಾ, ಅವರು ಹೇಳಿದಾರಲ್ಲ, ಒತ್ತ..." ಎನ್ನುವಷ್ಟರಲ್ಲಿ ಅವನ ತೋಳು ಹಿಡಿದೆ. ಲೈಟನ್ನು ಆರಿಸಿ ಬೆಂಚಿನ ಮೇಲಿಟ್ಟೆ. ವೈರು ಕಿತ್ತು ಜೇಬಿಗೆ ಹಾಕಿಕೊಂಡೆ. ಡಿಸ್ಟ್ರಿಬ್ಯೂಟರಿನ ಮೇಲೆ ಕೈಯಿಟ್ಟು, ಅವನ ಮುಖ ಕಾಣುವಂತೆ ಬಾನೆಟ್ಟಿನ ಪಕ್ಕಕ್ಕೆ ಸರಿದು ನಿಂತು ಜೋರಾಗಿ ಹೇಳಿದೆ:

"ಕೊಡು."

ಅವನ ಕಣ್ಣು ಅರ್ಧ ಮುಚ್ಚಿತು. "ಕೊಟ್ಟೆ."

"ಬಿಡು, ಬಿಡು..."

"ಬಿಟ್ಟೆ. ಇನ್ನೊಂದ್ ಚೂರು ಈಚೆ ತಾ. ಇನ್ನೊಂದ್ ಚೂರು. ಅಲ್ಲೇ! ಅಲ್ಲೇ ತಂಬಿ, ಬಿಗಿ!"

ಬಿಗಿದೆ.

ಟ್ರಯಲ್ಲಿಗೆ ಮೂವರೂ ಹೋದೆವು. ಮಗ ಓಡಿಸಿದ, ಅಣ್ಣ ಮುಂದೆ ಕೂತ, ನಾನು ಹಿಂದೆ. ಏರು ಬಂತು. ಮೂರನೇ ಗೇರಿನಲ್ಲಿ ಅರ್ಧ ಹತ್ತುವುದರೊಳಗೆ ಎಂಜಿನ್ನು ಟಿಣ್ ಟಿಣ್ ಎಂದು ಬಡಿದುಕೊಳ್ಳತೊಡಗಿತು. ಮಗ ಕನ್ನಡಿಯಲ್ಲಿ ನನ್ನನ್ನು ನೋಡಿದ. ನಾನು ಹೊರಗೆ ತುಂಗೆಯ ಕಡೆ ನೋಡಿದೆ.

ಅಣ್ಣ ತಿರುಗಿ ಕೇಳಿದ. "ಹೆಂಗಿದೆ ತಂಬಿ?"

"ಚೆನ್ನಾಗಿದೆ."

"ಬಡಿತ?"

"ಇಲ್ಲ."

"ಕಂಪ್ಯೂಟರ್ ಅಂತೆ, ಕಂಪ್ಯೂಟರು!" ಎಂದು ಅವನು ಡ್ಯಾಶ್‌ಬೋರ್ಡಿನ ಮೇಲೆ ಒಂದು ಪೆಟ್ಟು ಕೊಟ್ಟ. ಅಣೆಕಟ್ಟಿನ ಹತ್ತಿರ ಟೀ ಕುಡಿದೆವು. ಆನೆಯ ಕಥೆಯನ್ನು ಮಗನಿಗೆ ಇನ್ನೊಮ್ಮೆ ಹೇಳಿದ. ಹೊರಡುವಾಗ, "ಸೋಮವಾರ ಬರ್ತೀನಿ. ಗುಡಿಸಿಟ್ಟಿರು," ಎಂದ.

ಮಾರನೆಯ ದಿನ ಮಗ ಒಬ್ಬನೇ ಕಾರು ತಂದ. ಅಪ್ಪನಿಗೆ ಟೈರಿನ ಅಂಗಡಿಗೆ ಹೋಗುತ್ತೇನೆಂದು ಹೇಳಿ ಬಂದಿದ್ದ. "ಸೀಟಲ್ಲಿ ಕೂತ್ಕೊಳ್ಳಲಾ ಅಂಕಲ್?" ಎಂದು ಕೇಳಿದ. "ಬೇಡಪ್ಪ, ನೆರಳಲ್ಲಿ ನಿಲ್ಲು," ಎಂದೆ. ಅವನು ನಿಂತ. ಸ್ವಲ್ಪ ಹೊತ್ತಿನಲ್ಲಿ ಮುಗಿಯಿತು.

ಸೋಮವಾರ ಟ್ರೇನು ಕೂಗಿದ ಮೇಲೆ ಅಣ್ಣ ಟಿಫಿನ್ ಕ್ಯಾರಿಯರ್ ತೂಗಾಡಿಸುತ್ತ ಬಂದ. ಆ ದಿನ ಒಂದು ಕಂಪ್ಯೂಟರ್ ಗಾಡಿ ಟೈಮಿಂಗಿಗೆ ಬಂದಿತ್ತು. ಯಜಮಾನರಿಗೆ, ಸಂಜೆ ಕತ್ತಲಾಗುವ ಹೊತ್ತಿಗೆ ಬಂದು ತಗೊಂಡು ಹೋಗಿ ಎಂದು ಹೇಳಿದೆ. ಅಣ್ಣ ಚಪ್ಪಲಿ ಹೊರಗೆ ಬಿಟ್ಟು ಸೀಟಿನಲ್ಲಿ ಕೂತ. ಕೊಡು ಎಂದೆ, ಕೊಟ್ಟ. ಬಿಡು ಎಂದೆ, ಬಿಟ್ಟ. ಸಂಜೆ ಅವನು ಸ್ಟೇಷನ್ನಿಗೆ ಹೋದ. ಭದ್ರಾವತಿಯ ಟ್ರೇನು ಕೂಗಿ ಹೊರಟಿತು. ನಾನು ಎಂಜಿನ್ನು ಚಾಲೂ ಮಾಡಿ, ವೈರು ಸಿಕ್ಕಿಸಿ, ಲೈಟು ಹಿಡಿದುಕೊಂಡು ಬಗ್ಗಿದೆ.